ಗಾಜಿನ ಚಾವಣಿಯ ಓಣಿ

ಅವತ್ತು ನಾವಿಬ್ಬರೂ ತೇರದಾಳಕ್ಕೆ ಹೋಗಿದ್ದೆವು. ದೂರದ ಸಂಬಂಧಿಕರ ಮನೆಯಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕುವ ಕಾರ್ಯವಿತ್ತು. ಊಟ ಬೇಗ ಮುಗಿಯಿತು, ಬನಹಟ್ಟಿಯ ಬಸ್ಸಿಗೆ ಇನ್ನೂ ಹೊತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ನಿಲ್ದಾಣದ ನೆರಳಿನಲ್ಲಿ ಹೋಗಿ ಕೂರುತ್ತಿದ್ದರು. ನಮ್ಮ ಮನೆಯವರು ಪೇಟೆಯ ರಸ್ತೆ ಬಿಟ್ಟು ಒಂದು ಸಂದಿಯೊಳಗೆ ತಿರುಗಿದರು. ನಾನು ಹಿಂದೆ ಹೋದೆ.

ಸಂದಿಯ ಕೊನೆಗೆ ಯಾರದೋ ಹಿತ್ತಿಲು. ಬಟ್ಟೆ ಒಣಹಾಕಿದ ಹಗ್ಗದ ಕೆಳಗೆ ಒಂದು ಹಳೆಯ ಕಲ್ಲು ಅಡ್ಡ ಬಿದ್ದಿತ್ತು. ಅಂಚಿಗೆ ಬಳ್ಳಿಯ ಕೆತ್ತನೆ, ನಡುವೆ ಸವೆದುಹೋದ ಆನೆ. ನಮ್ಮವರು ಮೊಣಕಾಲು ಹಿಡಿದುಕೊಂಡು ಬಗ್ಗಿ ಆ ಆನೆಯ ಸೊಂಡಿಲನ್ನು ಬೆರಳಿನಿಂದ ಹುಡುಕತೊಡಗಿದರು. ಮನೆಯಾಕೆ ಹೊರಗೆ ಬಂದಳು.

“ಏನ್ ನೋಡಾಕತ್ತೀರಿ ಅಣ್ಣಾರ?”

“ಈ ಕಲ್ಲ ನೋಡಾಕತ್ತೇನಿ ತಂಗಿ. ಭಾಳ ಹಳೇದು ಐತಿ.”

“ಹಳೇದು ಖರೇನ ಬಿಡ್ರಿ. ನಮ್ಮತ್ತಿ ಕಾಲದಿಂದ ಇದರ ಮ್ಯಾಲ ಶ್ಯಾವಿಗಿ ಒಣಗಸ್ತೀವಿ. ಮುಟ್ಟಿದ್ರ ಹಿಟ್ಟ ಹತ್ತೀತು ಕೈಗಿ.”

ನಿಜವಾಗಿಯೂ ಹಿಟ್ಟು ಹತ್ತಿತ್ತು. ಅವರು ಕೈ ಝಾಡಿಸಿಕೊಂಡು ನಕ್ಕರು. ಬಸ್ಸು ಹಿಡಿದೆವು. ಬನಹಟ್ಟಿಯಲ್ಲಿ ಒಂದು ನಿಲ್ದಾಣ ಮೊದಲೇ ಇಳಿದು ನೇಕಾರರ ಓಣಿಗಳ ಒಳಗಿಂದ ಮನೆಗೆ ನಡೆದೆವು. ಅವರು ಮುಂದೆ, ನಾನು ಹಿಂದೆ. ರಾತ್ರಿ ರೊಟ್ಟಿ, ಹೆಸರುಕಾಳಿನ ಪಲ್ಯ ತಿಂದು, ಪಲ್ಯಕ್ಕೆ ಉಪ್ಪು ಕಮ್ಮಿಯೆಂದು ಹೇಳಿ ಮಲಗಿದರು. ಮರುದಿನ ಬೆಳಿಗ್ಗೆ ಮಗ್ಗದ ಮನೆಯ ಬಾಗಿಲು ತೆಗೆಯಲು ಹೋದವರು ಅಲ್ಲೇ ಕುಸಿದರು. ಆಸ್ಪತ್ರೆಗೆಂದು ಹೊರಟ ಗಾಡಿ ಜಮಖಂಡಿ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಇದನ್ನು ಇಲ್ಲಿಗೇ ಬಿಡುತ್ತೇನೆ. ನಾನು ಬರೆಯಲು ಕುಳಿತದ್ದು ಇನ್ನೊಂದು ಸಂಗತಿಗೆ.

ನಮ್ಮ ಕಡೆ ಸಾವಾದ ಮನೆಗೆ ಹೆಣ್ಣುಮಕ್ಕಳು ಮಾತಾಡಿಸಲು ಬರುತ್ತಾರೆ. ಬುತ್ತಿ ತರುತ್ತಾರೆ, ಅಳುತ್ತಾರೆ, ಆಮೇಲೆ ಗೋಡೆಗೆ ಒರಗಿ ಕುಳಿತು ಹೋದವರ ಸುದ್ದಿ ಹೇಳಿಸುತ್ತಾರೆ. ಅಳುವುದಕ್ಕಿಂತ ಸುದ್ದಿ ಹೇಳುವುದು ನನಗೆ ಹಗುರವೆನಿಸುತ್ತಿತ್ತು. ಹಾಗೆ ಒಂದು ದಿನ ನನ್ನ ಚಿಕ್ಕತ್ತೆ, “ಏನೇ ಅನ್ನು, ಪರದೇಶ ತೋರ್ಸಿದ ಗಂಡ ಅಂವ. ಏನೇನ್ ನೋಡಿದ್ರಿ ಹೇಳು” ಅಂದರು. ನಾನು ಹೇಳುತ್ತ ಹೋದೆ. ಫ್ರಾನ್ಸಿನ ಒಂದು ಊರಲ್ಲಿ, ಗಾಜಿನ ಚಾವಣಿ ಹಾಕಿದ ಒಂದು ಓಣಿಯಲ್ಲಿ, ಅವರು ನನ್ನನ್ನು ಮುಂದೆ ನಡೆಯಲು ಹೇಳಿ ತಾವು ಹಿಂದೆ ನಿಂತರು ಅಂದೆ.

“ಹಿಂದ ನಿಂತನ? ನಿನ್ನ ಮುಂದ ಬಿಟ್ಟು?” ಚಿಕ್ಕತ್ತೆಗೆ ಕಣ್ಣೀರು ಒರೆಸಿಕೊಳ್ಳುವುದೂ ಮರೆತುಹೋಯಿತು. “ಯಾವ ಊರಾಗ ಬೇ?”

“ಊರ ಹೆಸರ ಗೊತ್ತಿಲ್ರಿ ಅತ್ತಿ.”

“ಹೆಸರಿಲ್ಲದ ಊರು ಇರತೈತೇನ? ಕನಸಗಿನಸ ಬಿದ್ದಿತ್ತೇನ ನಿನಗ?”

ಎಲ್ಲರೂ ಸ್ವಲ್ಪ ನಕ್ಕರು. ಅವರ ತಪ್ಪಿಲ್ಲ, ನಗುವ ಮಾತೇ ಅದು. ಆದರೆ ಅವರೆಲ್ಲ ಎದ್ದು ಹೋದ ಮೇಲೆ ನನಗೆ ಹೆದರಿಕೆಯಾಯಿತು. ಆ ಓಣಿಯಲ್ಲಿ ನಮ್ಮ ಕಡೆಯವರೆಂದು ನಾವು ಇಬ್ಬರೇ ಇದ್ದದ್ದು. ಈಗ ಒಬ್ಬರಿಲ್ಲ. ಊರಿನ ಹೆಸರೂ ಇಲ್ಲದಿದ್ದರೆ ಅದು ನಡೆದದ್ದೇ ಎಂದು ನಾನು ಯಾರಿಗೆ ಹೇಳಲಿ? ಸ್ವಲ್ಪ ದಿನ ಹೋದರೆ ನನಗೇ ಅನುಮಾನ ಬರಬಹುದು. ಅವತ್ತಿನಿಂದ ನನಗೆ ಆ ಊರಿನ ಹೆಸರು ಬೇಕಾಗಿದೆ.

ಊರಿಗೆ ಹೋಗಿ ಬಂದವಳಿಗೆ ಊರಿನ ಹೆಸರು ಹೇಗೆ ಗೊತ್ತಿಲ್ಲ ಎಂದು ನೀವೂ ಕೇಳಬಹುದು. ನಾನು ಬೆನ್ನು ನೋಡಿ ನಡೆಯುವವಳು. ಅನಗವಾಡಿಯಲ್ಲಿ ಚಿಕ್ಕವಳಿದ್ದಾಗ ಬಟ್ಟೆಯ ಗಂಟು ಹೊತ್ತ ಅವ್ವನ ಬೆನ್ನು ನೋಡಿಕೊಂಡು ಹೊಳೆಗೆ ಹೋಗುತ್ತಿದ್ದೆ. ಓದಲು ಸಾಲಿಗೆ ಹೋಗುವಾಗ ಅಕ್ಕನ ಬೆನ್ನು. ಅಕ್ಕನ ಜಡೆಗೆ ಕಟ್ಟಿದ ರಿಬ್ಬನ್ನು ಎಡಕ್ಕೆ ಹೊರಳಿದರೆ ಸಾಲಿ ಬಂತು ಎಂದು ಅರ್ಥ. ಅಕ್ಕನಿಗೆ ಜ್ವರ ಬಂದ ದಿನ ನಾನೂ ಸಾಲಿಗೆ ಹೋಗುತ್ತಿರಲಿಲ್ಲ. ದಾರಿ ಗೊತ್ತಿಲ್ಲವೆಂದರೆ ಅಪ್ಪ ಬೈಯುತ್ತಾರೆಂದು ನನಗೂ ಹೊಟ್ಟೆನೋವು ಎನ್ನುತ್ತಿದ್ದೆ. ಮದುವೆಯಾದ ಮೇಲೆ ಗಂಡನ ಬೆನ್ನು. ನಮ್ಮ ಕಾಲದ ನಮ್ಮಂಥವರ ಮನೆಗಳಲ್ಲಿ ಗಂಡ ಮುಂದೆ, ಹೆಂಡತಿ ನಾಲ್ಕು ಮಾರು ಹಿಂದೆ. ಅದಕ್ಕೆ ಯಾರೂ ಬೇಸರ ಮಾಡಿಕೊಂಡದ್ದಿಲ್ಲ. ಮುಂದೆ ಹೋಗುವವರು ದಾರಿ ನೋಡುತ್ತಾರೆ, ಹಿಂದೆ ಬರುವವರು ಚೀಲ ನೋಡಿಕೊಳ್ಳುತ್ತಾರೆ. ಮೈಲಿಗಲ್ಲು, ಅಂಗಡಿಯ ಬೋರ್ಡು, ಬಸ್ಸಿನ ಫಲಕ, ಇವೆಲ್ಲ ಮುಂದಿನವರ ಬಾಬತ್ತು.

ನಮ್ಮವರ ಬೆನ್ನು ಮಾತ್ರ ಉಳಿದವರ ಬೆನ್ನಿನಂತೆ ನೆಟ್ಟಗೆ ಹೋಗುತ್ತಿರಲಿಲ್ಲ. ನಮ್ಮದು ನಾಲ್ಕು ಪಾವರಲೂಮಿನ ಸಣ್ಣ ಕಾರಖಾನೆ. ಸೀರೆಯ ಗಂಟು ಹಾಕಿಕೊಂಡು ಅವರು ಇಚಲಕರಂಜಿ, ಸೊಲ್ಲಾಪುರ ಎಂದು ತಿರುಗುತ್ತಿದ್ದರು. ಹೋದ ಊರಲ್ಲಿ ವ್ಯಾಪಾರ ಮುಗಿದ ಕೂಡಲೇ ಯಾವುದಾದರೂ ಸಂದಿ ಹೊಕ್ಕು ನೋಡಬೇಕು. ದೊಡ್ಡ ಗುಡಿ, ದೊಡ್ಡ ಅರಮನೆ ಅವರಿಗೆ ಬೇಡ. “ಅದನ್ನ ಎಲ್ಲಾರೂ ನೋಡ್ತಾರ, ನಾವ್ಯಾಕ ಗದ್ದಲ ಮಾಡೂದು?” ಅನ್ನುತ್ತಿದ್ದರು. ಮುಧೋಳದಲ್ಲಿ ಒಂದು ವಾಡೆಯ ಹಿಂದಿನ ಬಾಗಿಲು, ಜಮಖಂಡಿಯಲ್ಲಿ ಒಂದು ಹಳೆಯ ಬಾವಿಗೆ ಇಳಿಯುವ ಕಮಾನು, ಇಂಥವು. ಬೀಳಗಿಗೆ ಮಗಳನ್ನು ಕೊಡುವಾಗ ಗಂಡಿನ ಮನೆ ನೋಡಲು ಹೋದವರು, ನಡುವೆ ಎದ್ದು ಹೋಗಿ ಹಿತ್ತಿಲ ಗೋಡೆ ನೋಡಿ ಬಂದರು. ಬೀಗರು, “ಏನ್ರಿ, ಮನಿ ಭದ್ರ ಅದನೋ ಇಲ್ಲೋ ನೋಡಿದ್ರೇನು?” ಎಂದು ಕೇಳಿದರು. “ಇಲ್ರಿ, ಗ್ವಾಡ್ಯಾಗ ಗಣಪತಿ ಕಲ್ಲ ಐತ್ರಿ” ಅಂದರು ಇವರು. ಬೀಗರಿಗೇ ಅದು ಗೊತ್ತಿರಲಿಲ್ಲ. ಸಂಬಂಧ ಗಟ್ಟಿಯಾಯಿತು.

ಇಂಥವರು ಫ್ರಾನ್ಸಿಗೆ ಹೋದದ್ದು ಮಗ್ಗದ ದೆಸೆಯಿಂದ. ಇಚಲಕರಂಜಿಯಲ್ಲಿ ಲೂಮಿನ ಸಾಮಾನು ಮಾರುವ ವ್ಯಾಪಾರಿಯೊಬ್ಬ ತನ್ನ ಗಿರಾಕಿಗಳನ್ನೆಲ್ಲ ಸೇರಿಸಿ ಒಂದು ಬಸ್ಸಿನ ಪ್ರವಾಸ ಹೊರಡಿಸಿದ. ಪ್ಯಾರಿಸ್ಸಿನಲ್ಲಿ ಇಳಿಯುವುದು, ಬಸ್ಸಿನಲ್ಲಿ ದಾರಿಯ ಊರುಗಳಲ್ಲಿ ನಿಲ್ಲುತ್ತ ಲಿಯಾನ್ ಎಂಬ ರೇಷ್ಮೆ ಊರಿಗೆ ಹೋಗುವುದು, ಅಲ್ಲಿ ಯಂತ್ರಗಳನ್ನು ನೋಡಿ ಬರುವುದು. ಜೋಡಿಯಾಗಿ ಬಂದರೆ ರಿಯಾಯಿತಿ ಎಂದದ್ದರಿಂದ ನಾನೂ ಹೋದೆ. ಅಡುಗೆಗೆ ದಶರಥ ಎಂಬವನನ್ನು ಕರೆದುಕೊಂಡಿದ್ದರು. ಬನಹಟ್ಟಿಯವರು, ಮುಧೋಳದವರು, ಮಹಾರಾಷ್ಟ್ರದವರು, ಬಸ್ಸಿನ ತುಂಬ ನೇಕಾರರೇ. ಕಿಟಕಿಯಾಚೆ ಏನೇ ಕಂಡರೂ ಒಳಗೆ ನೂಲಿನ ದರದ ಮಾತು.

ಪ್ಯಾರಿಸ್ಸಿನಲ್ಲಿ ಎಲ್ಲರೂ ಕಬ್ಬಿಣದ ಗೋಪುರ ಹತ್ತಲು ಸಾಲು ನಿಂತರು. ನಮ್ಮವರು ಬೇರೆಡೆ ಹೋಗೋಣ ಎಂದರು. ಆ ಊರಲ್ಲಿ ದೊಡ್ಡ ರಸ್ತೆಗಳ ನಡುವೆ ಮೇಲೆ ಗಾಜು ಹೊದಿಸಿದ ಓಣಿಗಳಿವೆ. ಎರಡೂ ಬದಿಗೆ ಅಂಗಡಿ, ನಡುವೆ ಕಾಲುದಾರಿ, ತಲೆಯ ಮೇಲೆ ಕಬ್ಬಿಣದ ಕಮಾನು, ಗಾಜು. ಬಿಸಿಲು ಒಳಗೆ ಬರುತ್ತದೆ, ಮಳೆ ಬರುವುದಿಲ್ಲ. ಹೊರಗಿನಿಂದ ನೋಡಿದರೆ ಒಂದು ಸಾಮಾನ್ಯ ಬಾಗಿಲು. ನಮ್ಮವರು ಹೇಗೋ ಕಂಡುಹಿಡಿದು ಒಳಗೆ ನುಗ್ಗಿದರು. ನಾನು ಹಿಂದೆ.

ಅವರು ಕಂದು ಬಣ್ಣದ ಸ್ವೆಟರ್ ಹಾಕಿದ್ದರು. ನಾನು ಕಂದು ಸ್ವೆಟರಿನ ಬೆನ್ನು ನೋಡಿಕೊಂಡು ಹೋದೆ. ಬೆನ್ನು ಒಂದು ಅಂಗಡಿ ಹೊಕ್ಕಿತು, ನಾನೂ ಹೊಕ್ಕೆ. ಹಳೆಯ ಅಂಚೆಚೀಟಿಗಳ ಅಂಗಡಿ. ಇವರಿಗೆ ಇದೇನು ಹೊಸ ಚಟ ಎಂದುಕೊಂಡು, “ರೀ, ಹೊತ್ತಾತು” ಎಂದು ಸ್ವೆಟರಿನ ತುದಿ ಎಳೆದೆ. ತಿರುಗಿದ್ದು ಕೆಂಪು ಗಡ್ಡದ ಒಬ್ಬ ಮುದುಕ. ಆತ ಸಿಟ್ಟಾಗಲಿಲ್ಲ. ಕೈಯಲ್ಲಿದ್ದ ಅಂಚೆಚೀಟಿಯನ್ನು ನನಗೂ ತೋರಿಸಿದ. ನಾನು ಛಲೋ ಇದೆ ಎನ್ನುವಂತೆ ತಲೆ ಆಡಿಸಿದೆ, ಇನ್ನೇನು ಮಾಡುವುದು.

ನಮ್ಮವರು ಹುಡುಕಿಕೊಂಡು ಬಂದಾಗ ನಾನು ಆ ಅಂಗಡಿಯ ಬಾಗಿಲಲ್ಲಿ ಚೀಲ ಅಪ್ಪಿಕೊಂಡು ನಿಂತಿದ್ದೆ.

“ಏನ ಲೇ, ಇಷ್ಟ ವರ್ಷ ನೋಡಿದ ಬೆನ್ನ ಗುರ್ತ ಸಿಗಲಿಲ್ಲೇನ?”

“ಬೆನ್ನಿಗೆ ಮಾರಿ ಇರತೈತೇನ್ರಿ ಗುರ್ತ ಹಿಡ್ಯಾಕ?”

ಅವರು ಜೇಬಿನಿಂದ ನೂಲಿನ ಮಾದರಿಯ ಕೆಂಪು ಲಡಿ ತೆಗೆದು, ಒಂದು ಎಳೆ ಕಿತ್ತು ತಮ್ಮ ಸ್ವೆಟರಿನ ಹಿಂಬದಿಗೆ ಕಟ್ಟಿದರು. ಪ್ರವಾಸ ಮುಗಿಯುವವರೆಗೂ ನಾನು ಆ ಕೆಂಪು ದಾರ ನೋಡಿ ನಡೆದೆ. ಅದರಿಂದ ಒಂದು ನಷ್ಟವಾಯಿತು. ಮೊದಲು ಆಗೀಗ ಅತ್ತಿತ್ತ ನೋಡುತ್ತಿದ್ದವಳು ಈಗ ಅದನ್ನೂ ಬಿಟ್ಟೆ.

ಲಿಯಾನಿನಲ್ಲಿ ನಮ್ಮವರಿಗೆ ಬಲು ಸಂತೋಷವಾಯಿತು. ಅಲ್ಲಿ ಹಳೆಯ ನೇಕಾರರ ಗುಡ್ಡವೊಂದಿದೆ. ಗುಡ್ಡದ ಮೇಲಿನ ಬೀದಿಯಿಂದ ಕೆಳಗಿನ ಬೀದಿಗೆ ಮನೆಗಳ ಒಳಗಿಂದಲೇ ದಾರಿ. ಒಂದು ಬಾಗಿಲು ಹೊಕ್ಕು, ಕತ್ತಲೆಯ ಪಡಸಾಲೆ ದಾಟಿ, ಅಂಗಳಕ್ಕೆ ಬಂದು, ಮೆಟ್ಟಿಲಿಳಿದು ಇನ್ನೊಂದು ಬೀದಿಗೆ ಹೊರಬೀಳುವುದು. ನೇಯ್ದ ರೇಷ್ಮೆ ಮಳೆಗೆ ತೋಯಬಾರದೆಂದು ಆ ದಾರಿಗಳಲ್ಲಿ ಹೊತ್ತು ತರುತ್ತಿದ್ದರಂತೆ. ನಮ್ಮೊಡನೆ ಬಂದ ಮಾರ್ಗದರ್ಶಿ ಇದನ್ನು ದೊಡ್ಡ ವಿಸ್ಮಯದಂತೆ ಹೇಳುತ್ತಿದ್ದಳು. ನಮ್ಮ ಬನಹಟ್ಟಿಯವರು ಒಬ್ಬರ ಮುಖ ಒಬ್ಬರು ನೋಡಿದರು. ನಮ್ಮ ಓಣಿಯಲ್ಲೂ ಮಳೆ ಬಂದರೆ ಸೀರೆಯ ಗಂಟು ಹೊತ್ತವರು ಯಾರ ಮನೆಯ ಮುಂಬಾಗಿಲಿನಿಂದಾದರೂ ಹೊಕ್ಕು ಹಿತ್ತಿಲಿನಿಂದ ಹೊರಗೆ ಹೋಗುವುದುಂಟು. ಹೊಸ್ತಿಲಲ್ಲಿ ನಿಂತು, “ಸೀರಿ ಬಂದಾವ್ರಿ!” ಎಂದು ಕೂಗಬೇಕು. ಒಳಗಿನವರು “ಬರ್ರಿ” ಎನ್ನಬೇಕು. ಕೂಗದೆ ನುಗ್ಗುವುದು ಅಗೌರವ, ಕೂಗಿದ ಮೇಲೆ ಬೇಡವೆನ್ನುವುದು ಅದಕ್ಕಿಂತ ದೊಡ್ಡ ಅಗೌರವ.

ನಮ್ಮವರು ಮೊದಲ ಬಾಗಿಲಲ್ಲೇ ನಿಂತು ಗಟ್ಟಿಯಾಗಿ, “ಸೀರಿ ಬಂದಾವ್ರೀ!” ಎಂದರು.

ಆ ಕಲ್ಲಿನ ಪಡಸಾಲೆಯಲ್ಲಿ ದನಿ ಮೂರು ಅಂತಸ್ತು ಏರಿತು. ಮೇಲೆ ಒಂದು ಕಿಟಕಿ ತೆರೆಯಿತು. ಬಿಳಿಗೂದಲಿನ ಒಬ್ಬ ಹೆಂಗಸು ಬಗ್ಗಿ ನೋಡಿ ತನ್ನ ಮಾತಿನಲ್ಲಿ ಏನೋ ಅಂದಳು.

“ಬರ್ರಿ ಅಂದಳು ನೋಡು,” ಅಂದರು ನಮ್ಮವರು.

ಮಾರ್ಗದರ್ಶಿಯ ಮುಖ ಬಿಳಿಚಿತ್ತು. ಇಲ್ಲಿ ಜನ ವಾಸವಾಗಿದ್ದಾರೆ, ಗದ್ದಲ ಮಾಡಬಾರದು ಎಂದು ಗೋಡೆಯ ಮೇಲಿನ ಫಲಕ ತೋರಿಸಿದಳು. ನಮ್ಮವರು ಮೇಲೆ ನೋಡಿ ಎರಡೂ ಕೈ ಜೋಡಿಸಿದರು. ಆ ಹೆಂಗಸು ಒಂದು ಗಳಿಗೆ ನೋಡಿ, ಏನೆನ್ನಿಸಿತೋ, ತಾನೂ ಕೈ ಜೋಡಿಸಿ ಕಿಟಕಿ ಹಾಕಿಕೊಂಡಳು. ಉಳಿದ ಬಾಗಿಲುಗಳಲ್ಲಿ ಇವರು ಪಿಸುಮಾತಿನಲ್ಲಿ ಕೂಗಿದರು. ಆದರೆ ಒಂದನ್ನೂ ಬಿಡಲಿಲ್ಲ.

ಇವೆರಡು ಊರುಗಳ ವಿಷಯದಲ್ಲಿ ನನಗೆ ಗೊಂದಲವಿಲ್ಲ. ನಾನು ಹೇಳಬೇಕಾದ ಓಣಿ ಇವೆರಡರದ್ದೂ ಅಲ್ಲ. ಅದು ಹೋಗುವ ದಾರಿಯಲ್ಲೋ ಬರುವ ದಾರಿಯಲ್ಲೋ ಬಸ್ಸು ನಿಂತ ಒಂದು ಊರು. ಅಂಥ ಊರುಗಳು ಹಲವು. ಪ್ರತಿ ಊರಲ್ಲೂ ಒಂದಿಷ್ಟು ಹೊತ್ತು ಬಿಡುತ್ತಿದ್ದರು. ಉಳಿದವರು ಸೆಂಟಿನ ಬಾಟಲಿ, ಚಾಕಲೇಟು ಕೊಳ್ಳುವರು, ಇಲ್ಲವೇ ಬಸ್ಸಿನಲ್ಲೇ ಮಲಗುವರು. ನಾವು ಸಂದಿ ಹುಡುಕಿಕೊಂಡು ಹೋಗುವೆವು.

ಅಂದು ಮಳೆ ಬರುತ್ತಿತ್ತು. ಬೇಗ ಬೇಗ ನಡೆದು ಒಂದು ಬಾಗಿಲು ಹೊಕ್ಕೆವು. ಒಳಗೆ ಗಾಜಿನ ಚಾವಣಿಯ ಓಣಿ, ಪ್ಯಾರಿಸ್ಸಿನದಕ್ಕಿಂತ ಸಣ್ಣದು. ಬಣ್ಣ ಮಾಸಿದ ಗೋಡೆ. ನೆಲಕ್ಕೆ ಬೂದು, ಹಳದಿ ಕಲ್ಲುಗಳ ಚೌಕಳಿ, ನಮ್ಮ ಕುಪ್ಪಸದ ಖಣದ ಮೇಲಿನ ಸಣ್ಣ ನೇಯ್ಗೆಯಂತೆ. ಬಹಳಷ್ಟು ಅಂಗಡಿಗಳು ಮುಚ್ಚಿದ್ದವು. ತೆರೆದದ್ದು ಒಂದು ಗುಂಡಿ ಮಾರುವ ಅಂಗಡಿ, ಒಂದು ಕೈಬೆತ್ತದ ಅಂಗಡಿ. ಗಾಜಿನ ಮೇಲೆ ಮಳೆ ಸದ್ದು ಮಾಡುತ್ತಿತ್ತು. ಬೇರೆ ಗಿರಾಕಿ ಯಾರೂ ಇರಲಿಲ್ಲ.

ನಮ್ಮವರು ಒಂದು ಕಬ್ಬಿಣದ ಕಂಬಕ್ಕೆ ಕೈ ಕೊಟ್ಟು ನಿಂತರು. ನಾನೂ ಹಿಂದೆ ನಿಂತೆ. ಅವರು ತಿರುಗಿ ನೋಡಿದರು.

“ನೀ ಮುಂದ ನಡಿ.”

“ಯಾಕ್ರೀ?”

“ಸುಮ್ನ ನಡಿ. ನೀ ಹ್ಯಾಂಗ ನಡೀತಿ ಅಂತ ನಾ ಒಮ್ಮಿನೂ ನೋಡಿಲ್ಲ.”

“ಏನರೆ ಹೇಳ್ತೀರಿ. ಯಾರರ ನೋಡಿದ್ರ ನಕ್ಕಾರು.”

“ಇಲ್ಲಿ ನಮ್ಮ ಬೀಗರ ಅದಾರೇನ? ನಡಿ ಲೇ, ಅತ್ತಲಾಗಿನ ಬಾಗಿಲಿನ ತನಕ.”

ಚೀಲವನ್ನು ನನ್ನ ಕೈಯಿಂದ ತಾವೇ ತೆಗೆದುಕೊಂಡರು. ನಾನು ನಡೆದೆ. ಮುಂದೆ ಯಾರೂ ಇಲ್ಲದೆ ನಡೆಯುವುದು ಅಷ್ಟು ಕಷ್ಟವೆಂದು ಗೊತ್ತಿರಲಿಲ್ಲ. ಎಷ್ಟು ಜೋರಾಗಿ ನಡೆಯಬೇಕು ತಿಳಿಯಲಿಲ್ಲ. ಕೈಗಳನ್ನು ಎಲ್ಲಿಡಬೇಕು ತಿಳಿಯಲಿಲ್ಲ. ಸೆರಗು ಎಳೆದುಕೊಂಡೆ, ಮತ್ತೆ ಬಿಟ್ಟೆ. ಗುಂಡಿಯ ಅಂಗಡಿಯ ಗಾಜಿನಲ್ಲಿ ಸೀರೆಯ ಮೇಲೆ ಸ್ವೆಟರು, ಕಾಲಿಗೆ ಬೂಟು ಹಾಕಿದ ಒಬ್ಬ ಹೆಂಗಸು ಹಾಯ್ದು ಹೋದಳು. ನಾನೇ ಅದು. ಅಂಗಡಿಯಾಕೆ ತಲೆಯೆತ್ತಿ ನೋಡಿದಳು. ನಾನು ನಗಲಿಲ್ಲ, ನಿಲ್ಲಲೂ ಇಲ್ಲ. ಕೊನೆಯ ಬಾಗಿಲು ಮುಟ್ಟಿ ತಿರುಗಿದೆ.

ಅವರು ಅಲ್ಲೇ ಒಂದು ಕಟ್ಟಿಗೆಯ ಬೆಂಚಿನ ಮೇಲೆ ಕುಳಿತಿದ್ದರು. ಚೀಲ ತೊಡೆಯ ಮೇಲೆ. ನಾನು ವಾಪಸು ಬರುವವರೆಗೂ ನನ್ನನ್ನೇ ನೋಡುತ್ತಿದ್ದರು.

“ಛಲೋ ನಡೀತಿ,” ಅಂದರು.

“ಏಳ್ರಿ ಇನ್ನ, ಬಸ್ ಬಿಡ್ತಾರ.”

“ಬಿಡ್ಲಿ ತಡಿ. ಒಂದೀಟು ಕೂಡೋಣು.”

ಕುಳಿತೆವು. ಮಳೆ ನಿಂತ ಮೇಲೆ ಎದ್ದೆವು. ಮತ್ತೆ ಅವರು ಮುಂದೆ, ನಾನು ಹಿಂದೆ. ಬಸ್ಸಿನಲ್ಲಿ ದಶರಥ ಎಲ್ಲರಿಗೂ ಸುಸಲಾ ಕೊಟ್ಟ. ಮಂಡಕ್ಕಿ ಸ್ವಲ್ಪ ಹೆಚ್ಚೇ ತೋಯ್ದಿತ್ತು. ಅದೂ ನೆನಪಿದೆ.

ಚಿಕ್ಕತ್ತೆ ಆ ಮಾತು ಅಂದ ಮೇಲೆ ನಾನು ವಿಚಾರಿಸತೊಡಗಿದೆ. ನಮ್ಮವರು ಫೋಟೋ ತೆಗೆಯುತ್ತಿರಲಿಲ್ಲ, ಫೋಟೋ ತೆಗೆದರೆ ಕಣ್ಣು ಸೋಮಾರಿಯಾಗುತ್ತದೆ ಎನ್ನುತ್ತಿದ್ದರು. ಹಾಗಾಗಿ ಆ ದಾರಿ ಮುಚ್ಚಿತು. ಬಸ್ಸಿನಲ್ಲಿ ನನ್ನ ಪಕ್ಕದ ಸಾಲಿನಲ್ಲಿ ಕೂರುತ್ತಿದ್ದ ಮುಧೋಳದ ಗಂಗಕ್ಕನ ಮನೆಗೆ ಹೋದೆ.

“ಮಳಿ ಬಂದ ಊರ? ಎಲ್ಲಾ ಕಡೇನೂ ಬಂತಲ್ಲ ತಂಗಿ,” ಅಂದಳು ಗಂಗಕ್ಕ. “ನಾ ಇಳದ್ರ ತಾನ ಗೊತ್ತಾಗೂದು. ಮೊಣಕಾಲು ನೋವಿಗೆ ಬಸ್ಸಿನ್ಯಾಗ ಕುಂತ ಫ್ರಾನ್ಸ್ ಮುಗಿಸಿದೆ ನಾ.”

ಸುಸಲಾದ ನೆನಪಿನಿಂದ ನನಗೆ ಒಂದು ಉಪಾಯ ಹೊಳೆಯಿತು. ಸುಸಲಾ ಮಾಡಿದ ಊರು ಯಾವುದೆಂದು ಅಡುಗೆಯವನಿಗೆ ಗೊತ್ತಿರಲೇಬೇಕು. ದಾರಿಯಲ್ಲಿ ಬಸ್ಸು ನಿಂತ ಊರುಗಳ ಪಟ್ಟಿ ತನ್ನಲ್ಲಿಲ್ಲ ಎಂದ ವ್ಯಾಪಾರಿಯಿಂದ ನಂಬರು ಪಡೆದು ದಶರಥನಿಗೆ ಫೋನು ಮಾಡಿದೆ. ನಮ್ಮವರು ಹೋದ ಸುದ್ದಿ ಅವನಿಗೆ ತಿಳಿದಿರಲಿಲ್ಲ. ಹೇಗಾಯಿತೆಂದು ಕೇಳಿದ. ಆಮೇಲೆ ನನ್ನ ಪ್ರಶ್ನೆಗೆ, “ಕಾಕೂ, ದಾರ್ಯಾಗಿನ ಊರಾಗೆಲ್ಲಾ ನಾ ಸುಸಲಾನ ಮಾಡೀನ್ರಿ. ಎಲ್ಲೂ ಒಲಿ ಹಚ್ಚಾಕ ಬಿಡತಿದ್ದಿಲ್ಲ” ಅಂದ. ಅದಕ್ಕೆ ನನಗೆ ನಗು ಬಂತು. ಸಾವಾದ ಮೇಲೆ ಮೊದಲ ಸಲ ಬಾಯಿಬಿಟ್ಟು ನಕ್ಕದ್ದು ಅವತ್ತೇ ಇರಬೇಕು.

ಹಬ್ಬಕ್ಕೆ ಮಗಳು ಸುಮಾ ಬೀಳಗಿಯಿಂದ ಬಂದಳು. ಮೊಬೈಲು ತೆಗೆದುಕೊಂಡು ನನ್ನ ಪಕ್ಕ ಕುಳಿತು, ಆ ದೇಶದ ಊರುಗಳ ಗಾಜಿನ ಓಣಿಗಳನ್ನು ಒಂದೊಂದಾಗಿ ತೋರಿಸಿದಳು. ಅಷ್ಟೊಂದು ಇವೆಯೆಂದು ನನಗೆ ಗೊತ್ತಿರಲಿಲ್ಲ. ಒಂದರಲ್ಲಿ ನಡುವೆಯೇ ಮೆಟ್ಟಿಲು, ಒಂದರಲ್ಲಿ ಗೊಂಬೆಗಳ ಸಾಲು, ಒಂದು ದೇವಸ್ಥಾನದಷ್ಟು ಎತ್ತರ.

“ಇದೇನಬೇ?”

“ಅಲ್ಲ. ನೆಲ ಬ್ಯಾರೆ ಇತ್ತು.”

“ಇದು?”

“ಇದು ಭಾಳ ಚಂದ ಐತಿ. ಅದು ಇಷ್ಟ ಚಂದ ಇದ್ದಿಲ್ಲ.”

ಹೀಗೆ ಬಹಳ ಹೊತ್ತು ನಡೆಯಿತು. ಕೊನೆಗೆ ಒಂದು ಚಿತ್ರ ಬಂತು. ನೆಲ ಹೆಚ್ಚುಕಡಿಮೆ ಅಂಥದೇ, ಕಂಬಗಳೂ ಅಂಥವೇ. ನಾನು ಮೊಬೈಲು ಕೈಗೆ ತೆಗೆದುಕೊಂಡೆ. ಆದರೆ ಅಲ್ಲಿ ಬೆಂಚು ಇರಲಿಲ್ಲ, ಬೆಂಚು ಇರಬೇಕಾದ ಜಾಗದಲ್ಲಿ ಒಂದು ಅಂಗಡಿಯ ಬಾಗಿಲಿತ್ತು.

“ಬೆಂಚ್ ತಗದಿರಬೇಕಬೇ,” ಅಂದಳು ಸುಮಾ. “ಇದ ಅಂತ ತಿಳ್ಕೊಂಡ ಬಿಡು. ಹೆಸರೂ ಐತಿ ನೋಡು ಇಲ್ಲಿ. ಚಿಕ್ಕಜ್ಜಿಗೆ ಹೇಳಾಕ ಆತಲ್ಲ.”

“ಬ್ಯಾಡವಾ.”

“ಯಾಕ? ಯಾರ ಹೋಗಿ ನೋಡ್ತಾರ?”

“ನಾ ಕುಂತಿದ್ದೆ ಆ ಬೆಂಚಿನ ಮ್ಯಾಲ. ಅದು ಅಲ್ಲ ಇದು.”

ಸುಮಾ ಮೊಬೈಲು ಕೆಳಗಿಟ್ಟಳು. ಮೆಲ್ಲಗೆ, “ಅಪ್ಪಗ ಆವಾಗ್ಲೇ ದಮ್ಮ ಹತ್ತಿತ್ತೇನೋ ಬೇ. ಅದಕ್ಕ ನಿನ್ನ ಮುಂದ ಕಳಿಸಿ ತಾ ಕುಂತಿರಬೇಕು” ಅಂದಳು.

ಅದು ನನಗೂ ಹೊಳೆದಿತ್ತು. ಇರಬಹುದು. ನಾನು ಹೇಗೆ ನಡೆಯುತ್ತೇನೆಂದು ನೋಡುವ ಆಸೆಯೇ ಇದ್ದಿರಬಹುದು. ಎರಡೂ ಇದ್ದಿರಬಹುದು. ಕುಳಿತು ದಣಿವಾರಿಸಿಕೊಳ್ಳಲು ನೆವ ಬೇಕಾಗಿದ್ದರೆ ಗುಂಡಿಯ ಅಂಗಡಿ ನೋಡಿ ಬಾ ಎಂದು ಕಳಿಸಬಹುದಿತ್ತು. ಅವರು ಕೇಳಿದ್ದು ನನ್ನ ನಡಿಗೆಯನ್ನು. ಇದನ್ನು ನಾನು ಸುಮಾಳಿಗೆ ಹೇಳಲಿಲ್ಲ.

ಈಗ ನಾನು ಎಲ್ಲ ಕಡೆಗೂ ಒಬ್ಬಳೇ ನಡೆಯುತ್ತೇನೆ. ಜಮಖಂಡಿಯ ಬ್ಯಾಂಕಿಗೆ, ನೂಲಿನ ಅಂಗಡಿಗೆ. ಬೋರ್ಡು ಓದುವುದನ್ನು ರೂಢಿಸಿಕೊಂಡಿದ್ದೇನೆ. ಬಸ್ಸು ಯಾವ ಊರಲ್ಲಿ ನಿಂತರೂ ಕಿಟಕಿಯಿಂದ ಹೆಸರು ಹುಡುಕುತ್ತೇನೆ, ಗೊತ್ತಿರುವ ಊರಾದರೂ. ಮೊನ್ನೆ ಚಿಕ್ಕತ್ತೆ ದಾರಿಯಲ್ಲಿ ಸಿಕ್ಕರು. ಅಂದು ಹಾಗೆ ಅಂದದ್ದು ಅವರಿಗೂ ಚುಚ್ಚುತ್ತಿತ್ತೇನೋ, “ಆ ಊರ ಹೆಸರು ಸಿಕ್ತೇನ ಬೇ?” ಎಂದು ತಾವಾಗಿಯೇ ಕೇಳಿದರು.

“ಇಲ್ರಿ ಅತ್ತಿ,” ಅಂದೆ.

ಅಲ್ಲಿಯ ನೆಲ ಹೇಗಿತ್ತು, ಯಾವ ಅಂಗಡಿ ತೆರೆದಿತ್ತು, ಅವರು ಏನಂದರು, ನಾನು ಏನಂದೆ, ಎಲ್ಲ ನನಗೆ ನೆನಪಿದೆ. ಅದು ಯಾವ ಊರು ಎಂಬುದು ಇನ್ನೂ ಗೊತ್ತಿಲ್ಲ.